ಒಂದು ಸರ್ಕಲ್ಲಿಗಿಟ್ಟ ಹೆಸರು ಊರುಗಳನ್ನೆಲ್ಲ ನುಂಗಬೇಕೆ?

ಮೈಸೂರಿನ ಯುವಮಿತ್ರರೇ,

ಓದು ಮುಗಿಸಿ ನೀವು ಕೆಲಸ ಹುಡುಕಿ ಹೊರಡುವುದು ಬೆಂಗಳೂರಿನ ವೈಟ್‌ಫೀಲ್ಡಿಗೆ. ಆ ಊರಿಗೆ ನೆಲ ಕೊಟ್ಟವರು ನಮ್ಮ ಮೈಸೂರಿನ ಅರಸರೇ ಎಂಬುದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಅರಮನೆ ಬಳಿಯ ವೃತ್ತದಲ್ಲಿ ಪ್ರತಿಮೆಯಾಗಿ ನಿಂತಿದ್ದಾರಲ್ಲ, ಹತ್ತನೇ ಚಾಮರಾಜೇಂದ್ರ ಒಡೆಯರು, ಅವರೇ. 1881ರಲ್ಲಿ ರಾಜ್ಯ ಬ್ರಿಟಿಷರಿಂದ ಮರಳಿ ಬಂತು. ಮರುವರ್ಷವೇ ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ಭೂಮಿಯನ್ನು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಕೊಟ್ಟರು. ಅತ್ತ ಬಿಳಿಯರಿಗೂ ಬೇಡ, ಇತ್ತ ನಮ್ಮವರಿಗೂ ಬೇಡ ಎಂಬಂತಿದ್ದ ಜನ ಅವರು. ಬೇಸಾಯ ಮಾಡಿ ಸ್ವಂತ ಕಾಲ ಮೇಲೆ ನಿಲ್ಲಲಿ ಎಂಬುದು ಅವರ ನಾಯಕ ಡಿ.ಎಸ್. ವೈಟ್ ಆಸೆ. ಊರಿಗೂ ಅವರದೇ ಹೆಸರು. ನಡುವೆ ದುಂಡಗಿನ ಬಯಲು, ಸುತ್ತ ತೋಟದ ಮನೆಗಳು, ಒಂದು ಚರ್ಚು. ಇಂಗ್ಲೆಂಡಿನ ಹಳ್ಳಿಯೊಂದನ್ನು ಎತ್ತಿ ತಂದು ನಮ್ಮ ಹೊಲಗಳ ನಡುವೆ ಇಟ್ಟ ಹಾಗೆ! ಆ ‘ಇನ್ನರ್ ಸರ್ಕಲ್’ ಇವತ್ತಿಗೂ ಇದೆ. ಸ್ವಾತಂತ್ರ್ಯ ಬಂದ ಮೇಲೆ ಬಹಳ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾ ಎಂದು ಹೊರಟುಹೋದವು. ಅವರ ಮೇಲೆ ನಮಗೆ ಜಗಳವಿಲ್ಲ. ಅರಸರು ಕೊಟ್ಟ ನೆಲ, ಅವರು ಇಟ್ಟುಕೊಂಡ ಹೆಸರು. ಇರಲಿ.

ಜಗಳ ಇರುವುದು ನಮ್ಮ ನಾಲಿಗೆಯ ಮೇಲೆ! ಕಾಡುಗೋಡಿ, ಇಮ್ಮಡಿಹಳ್ಳಿ, ಹಗದೂರು, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ. ಒಂದೊಂದೂ ಅಚ್ಚಗನ್ನಡದ ಕಿವಿಗೆ ಒಗ್ಗುವ ಹೆಸರು. ಐ.ಟಿ. ಕಂಪನಿಗಳು ಬಂದದ್ದೇ ತಡ, ಅಷ್ಟೂ ಊರು ಬಿಲ್ಡರುಗಳ ಬೋರ್ಡಿನಲ್ಲಿ ‘ವೈಟ್‌ಫೀಲ್ಡ್’ ಆಗಿಬಿಟ್ಟವು. 2023ರಲ್ಲಿ ಮೆಟ್ರೋ ಬಂತು. ಕೊನೆಯ ನಿಲ್ದಾಣದ ಹೆಸರು ‘ವೈಟ್‌ಫೀಲ್ಡ್ (ಕಾಡುಗೋಡಿ)’. ನಮ್ಮ ಕಾಡುಗೋಡಿ ಬ್ರಾಕೆಟ್ಟಿನೊಳಗೆ ಕೈಕಟ್ಟಿ ಕೂತಿದೆ! ಅದೇ ಮಾರ್ಗದಲ್ಲಿ ಪಟ್ಟಂದೂರು ಅಗ್ರಹಾರ, ನಲ್ಲೂರಹಳ್ಳಿ, ಕುಂದಲಹಳ್ಳಿ ಎಂಬ ನಿಲ್ದಾಣಗಳಾದರೂ ಉಳಿದಿವೆ. ಅಷ್ಟಕ್ಕೆ ಮೆಟ್ರೋದವರಿಗೆ ಶಹಬ್ಬಾಸ್ ಹೇಳೋಣ.

ನನ್ನದು ಪ್ರಿಂಟಿಂಗ್ ಪ್ರೆಸ್ಸು. ಮೊನ್ನೆ ಹುಡುಗನೊಬ್ಬ ಗೃಹಪ್ರವೇಶದ ಕಾರ್ಡು ಹಾಕಿಸಲು ಬಂದ. ‘ಸ್ಥಳ: ವೈಟ್‌ಫೀಲ್ಡ್’ ಎಂದು ಬರೆದು ತಂದಿದ್ದ. “ಅಲ್ಲಿ ಯಾವ ಊರಪ್ಪಾ?” ಎಂದೆ. “ನಲ್ಲೂರಹಳ್ಳಿ ಅಂಕಲ್. ಹಳ್ಳಿ ಅಂತ ಹಾಕಿದ್ರೆ ಚೆನ್ನಾಗಿರಲ್ಲ.”

ಅಲ್ಲ ಸ್ವಾಮಿ, ವೈಟ್ ಕಟ್ಟಿಸಿದ್ದು ಮಾತ್ರ ಏನು ಪಟ್ಟಣವೇ? ಅದೂ ಹಳ್ಳಿಯೇ! ಇಂಗ್ಲಿಷ್ ಹಳ್ಳಿಯಾದರೆ ಮರ್ಯಾದೆ, ಕನ್ನಡದ ಹಳ್ಳಿಯಾದರೆ ನಾಚಿಕೆಯೇ? ಆಟೋದವನಿಗೆ ಹೇಳುವಾಗ, ಆಫೀಸಿನ ಫಾರಂ ತುಂಬುವಾಗ, ನೀವು ನಿಜವಾಗಿ ಇರುವ ಊರಿನ ಹೆಸರು ಬರೆಯಿರಿ. ಕಾಗದ, ಕೊರಿಯರ್ ಎಲ್ಲ ಬಂದೇ ಬರುತ್ತವೆ.

ಆ ಹುಡುಗನಿಗೂ ಇದನ್ನೇ ಹೇಳಿದೆ. ಸ್ವಲ್ಪ ಮುಖ ಸಪ್ಪೆ ಮಾಡಿಕೊಂಡ. ಕೊನೆಗೆ ‘ನಲ್ಲೂರಹಳ್ಳಿ’ ದಪ್ಪಕ್ಷರದಲ್ಲಿ, ‘ವೈಟ್‌ಫೀಲ್ಡ್ ಹತ್ತಿರ’ ಅದರ ಕೆಳಗೆ ಸಣ್ಣಕ್ಷರದಲ್ಲಿ ಎಂದು ಒಪ್ಪಂದವಾಯಿತು. ಬ್ರಾಕೆಟ್ ಹಾಕಿ ಎಂದ. ಹಾಕಿದೆ, ವೈಟ್‌ಫೀಲ್ಡಿಗೆ!