ಗೃಹಸ್ಥರ ಯಂತ್ರವಿಚಾರ: ಗೇರುಪೆಟ್ಟಿಗೆಯ ಬದಲಾವಣೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳ ರೇಷ್ಮೆ ಬೆಳೆಗಾರರ ಮನೆಗಳಲ್ಲಿ ಎತ್ತಿನ ಬಂಡಿಯ ಕೆಲಸವನ್ನು ಈಗ ಪಿಕಪ್ ಗಾಡಿಯು ವಹಿಸಿಕೊಂಡಿರುವುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಚಂದ್ರಿಕೆಗೆ ಬಿಟ್ಟ ಹುಳು ಗೂಡು ಕಟ್ಟಿದ ಐದಾರು ದಿನಗಳಲ್ಲಿ ಗೂಡನ್ನು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಮುಟ್ಟಿಸಬೇಕಷ್ಟೆ. ಬಹಳ ತಡವಾಯಿತೆಂದರೆ ಒಳಗಿನ ಕೋಶವು ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬೀಳುವುದು. ತೂತಾದ ಗೂಡಿನಿಂದ ಅಖಂಡವಾದ ಎಳೆ ಬಾರದು. ಮನೆಮಂದಿಯೆಲ್ಲ ತಿಂಗಳುಗಟ್ಟಲೆ ನಿದ್ರೆಗೆಟ್ಟು ದುಡಿದ ಫಲವು ಆ ಗಳಿಗೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆಯನ್ನು ನಂಬಿರುತ್ತದೆ.

ಎಂಜಿನ್ನು ವೇಗವಾಗಿ ತಿರುಗಿದಾಗಲೇ ಬಲವನ್ನು ಕೊಡತಕ್ಕದ್ದು. ಹೇರು ಹೊತ್ತ ಗಾಡಿಯಾದರೋ ನಿಂತಲ್ಲಿಂದ ಮೆಲ್ಲನೆ ಹೊರಡಬೇಕು. ಮೊದಲನೆಯ ಗೇರಿನಲ್ಲಿ ಎಂಜಿನ್ನು ಸುಮಾರು ನಾಲ್ಕು ಸುತ್ತು ಸುತ್ತಿದರೆ ಹಿಂದಿನ ದಂಡವು ಒಂದೇ ಸುತ್ತು ತಿರುಗುವಂತೆ ಹಲ್ಲಿನ ಚಕ್ರಗಳನ್ನು ಜೋಡಿಸಿ, ಈ ಎರಡಕ್ಕೂ ಸಂಧಾನ ಮಾಡಿಸುವುದೇ ಗೇರುಪೆಟ್ಟಿಗೆ. ಈ ವಿದ್ಯೆಯು ನಮ್ಮ ಸೀಮೆಗೆ ಹೊರಗಿನದೇನೂ ಅಲ್ಲ. 2004 ರಲ್ಲಿ ಟೊಯೋಟಾ ಸಂಸ್ಥೆಯು ಹೈಲಕ್ಸ್ ಪಿಕಪ್, ಇನೋವಾ ಮೊದಲಾದ ಗಾಡಿಗಳ ತಯಾರಿಕೆಯನ್ನು ಹಲವು ದೇಶಗಳಿಗೆ ಹಂಚಿದಾಗ ಡೀಸೆಲ್ ಎಂಜಿನ್ನು ಥಾಯ್ಲೆಂಡಿನ ಪಾಲಿಗೆ, ಪೆಟ್ರೋಲ್ ಎಂಜಿನ್ನು ಇಂಡೋನೇಷ್ಯದ ಪಾಲಿಗೆ ಬಂದುವು. ಕೈಗೇರಿನ ಪೆಟ್ಟಿಗೆಯು ಫಿಲಿಪೈನ್ಸಿಗೂ ಭಾರತಕ್ಕೂ ಬಂದಿತು. ಭಾರತದ ಆ ಕಾರ್ಖಾನೆ ಇರುವುದು ರಾಮನಗರ ತಾಲ್ಲೂಕಿನ ಬಿಡದಿಯಲ್ಲಿ. ತಟ್ಟೆ ಇಡ್ಲಿಗೆ ಹೆಸರಾದ ಊರಿನ ಪೆಟ್ಟಿಗೆಗಳು ಕಡಲಾಚೆಗೆ ಹೋದುವೆಂಬುದು ಸಣ್ಣ ಮಾತಲ್ಲ.

ಇರಲಿ. ಪೆಟ್ಟಿಗೆಯನ್ನೇ ಬದಲಾಯಿಸಬೇಕೆಂದು ಯಾರಾದರೂ ಹೇಳಿದೊಡನೆ ಹಣದ ಪೆಟ್ಟಿಗೆಯನ್ನು ತೆರೆಯಬೇಡಿರಿ. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಎಂಜಿನ್ನನ್ನು ನಡೆಸಿ ಕಿವಿಗೊಟ್ಟು ಕೇಳಿರಿ. ಗೊರಗೊರ ಸದ್ದು ಇದ್ದು, ಕ್ಲಚ್ಚನ್ನು ಒತ್ತಿದಾಗ ನಿಂತುಹೋದರೆ ಪೆಟ್ಟಿಗೆಯೊಳಗಿನ ಬೇರಿಂಗು ಸವೆದಿರಬಹುದು. ಒತ್ತಿದಾಗಲೇ ಸದ್ದು ಹುಟ್ಟಿದರೆ ಸಂದೇಹವು ಕ್ಲಚ್ಚಿನ ರಿಲೀಸ್ ಬೇರಿಂಗಿನ ಮೇಲೆ. ಎಂಜಿನ್ನು ಅರಚಿಕೊಂಡರೂ ಗಾಡಿಯು ಏರನ್ನು ಹತ್ತದಿದ್ದರೆ ಕ್ಲಚ್ ಪ್ಲೇಟು ಸವೆದಿರುವುದೇ ಹೆಚ್ಚು. ಈ ಕಡೆಯ ಎರಡರಲ್ಲಿ ಪೆಟ್ಟಿಗೆಯನ್ನು ಇಳಿಸಬೇಕಾದರೂ ಬೇರೆ ಪೆಟ್ಟಿಗೆಯನ್ನು ಕೊಳ್ಳಬೇಕಾಗಿಲ್ಲ. ಹಾಕಿದ ಗೇರು ತಾನಾಗಿ ಕಳಚಿಕೊಳ್ಳುವುದು, ಇಳಿಸಿದ ಎಣ್ಣೆಯಲ್ಲಿ ಹಲ್ಲಿನ ಚೂರುಗಳು ಕಾಣುವುದು, ಇವು ನಿಜವಾಗಿ ಭಾರಿ ರೋಗದ ಲಕ್ಷಣಗಳು.

ಹಳೆಯ ಪೆಟ್ಟಿಗೆಯನ್ನು ಕೊಳ್ಳುವವರು ಹೊಳಪನ್ನು ನೋಡಿ ಮೋಸಹೋಗುವುದುಂಟು. ನಿಮ್ಮದನ್ನು ಇಳಿಸಿ ಅದರ ಮಗ್ಗುಲಲ್ಲಿಯೇ ಇಟ್ಟು ಹೋಲಿಸತಕ್ಕದ್ದು: ಎಂಜಿನ್ನಿಗೆ ಕೂಡುವ ಬೋಲ್ಟುಗಳ ಸ್ಥಾನ, ಮುಂದಿನ ದಂಡದ ಉದ್ದ, ಅದರ ಮೇಲಿನ ಗೀರುಗಳ ಎಣಿಕೆ. ಒಂದು ಗೀರು ಹೆಚ್ಚುಕಡಿಮೆಯಾದರೂ ಕ್ಲಚ್ ಪ್ಲೇಟು ಕೂಡದು.

ಇಳಿಸುವ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಮನುಷ್ಯನ ಪ್ರಾಣ. ಕೇವಲ ಜಾಕಿನ ಮೇಲೆ, ಇಲ್ಲವೆ ಇಟ್ಟಿಗೆ ಕಲ್ಲುಗಳ ಮೇಲೆ ನಿಂತ ಗಾಡಿಯ ಕೆಳಗೆ ಮನೆಯ ಹುಡುಗರನ್ನು ಎಂದಿಗೂ ಕಳುಹಿಸಬೇಡಿರಿ. ಗಟ್ಟಿ ನೆಲದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳಿರಬೇಕು, ಬ್ಯಾಟರಿಯ ತಂತಿ ಬಿಚ್ಚಿರಬೇಕು, ಎಂಜಿನ್ನಿಗೆ ಬೇರೆಯ ಆಸರೆ ಇರಬೇಕು. ಪೆಟ್ಟಿಗೆಯನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕೇ ಹೊರತು ಅದರ ಭಾರವು ಕ್ಲಚ್ ಪ್ಲೇಟಿನ ಮೇಲೆ ಜೋತುಬೀಳಬಾರದು. ಬಿದ್ದರೆ ಪ್ಲೇಟು ಸೊಟ್ಟಗಾಗುವುದು. ಬಿಚ್ಚಿದ ಮೇಲೆ ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಎಂಜಿನ್ನಿನ ಹಿಂದಿನ ಎಣ್ಣೆಸೀಲು ಈ ಮೂರನ್ನೂ ನೋಡದೆ ಮುಚ್ಚುವುದು ಜಿಪುಣತನವಲ್ಲ, ದುಂದು. ಅವಕ್ಕಾಗಿಯೇ ಮತ್ತೊಮ್ಮೆ ಇಷ್ಟೆಲ್ಲ ಕೂಲಿಯನ್ನು ತೆರಬೇಕಾದೀತು.

ಎಣ್ಣೆಯನ್ನು ಗಾಡಿಯ ಕೈಪಿಡಿಯಲ್ಲಿ ಹೇಳಿದಂತೆಯೇ ಹಾಕಿಸಿರಿ. ಹಿಂದಿನ ಅಚ್ಚಿನ ಎಣ್ಣೆಯೇ ಇದಕ್ಕೂ ಸಾಕೆಂಬ ಮಾತನ್ನು ನಾವು ಒಪ್ಪಲಾರೆವು. ಅದರಲ್ಲಿಯ ಕೆಲವು ರಸಾಯನಗಳು ಪೆಟ್ಟಿಗೆಯೊಳಗಿನ ಹಿತ್ತಾಳೆಯ ಉಂಗುರಗಳಿಗೆ ಹಿತವಲ್ಲ.

ಈ ರಿಪೇರಿಗೆ ತಕ್ಕ ಕಾಲವೆಂದರೆ ಹುಳು ಎರಡನೆಯ ಅಥವಾ ಮೂರನೆಯ ಜ್ವರದಲ್ಲಿರುವಾಗ. ಆಮೇಲೆ ಗೂಡು ಬಿಡಿಸುವವರೆಗೆ ಎರಡು ವಾರಕ್ಕೂ ಮೇಲ್ಪಟ್ಟು ಅವಕಾಶವಿರುತ್ತದೆ. ಅಷ್ಟರಲ್ಲಿ ಹಿಪ್ಪುನೇರಳೆ ಸೊಪ್ಪನ್ನು ಹೇರಿ ನಾಲ್ಕಾರು ದಿನ ಓಡಿಸಿ, ರಾತ್ರಿ ಗಾಡಿಯ ಕೆಳಗೆ ಹಳೆಯ ಪತ್ರಿಕೆಯೊಂದನ್ನು ಹಾಸಿ, ಬೆಳಗ್ಗೆ ಅದರ ಮೇಲೆ ಎಣ್ಣೆಯ ಹನಿ ಬಿದ್ದಿದೆಯೇ ಎಂದು ನೋಡಿರಿ.