ತಂತಿ ಒಂದೇ, ದಲ್ಲಾಳಿಗಳು ಹಲವರು

ಬ್ರಿಟನ್ನಿನಲ್ಲಿ ಮನೆಯ ದೀಪಕ್ಕೆ ಬೇಕಾದ ಕರೆಂಟನ್ನು ಯಾವ ಕಂಪನಿಯಿಂದ ಕೊಳ್ಳಬೇಕೆಂಬುದನ್ನು ಗೃಹಸ್ಥನೇ ಆರಿಸಿಕೊಳ್ಳಬಹುದು. ಬಂಡವಳಶಾಹಿ ಪಂಡಿತರು ಇದನ್ನು 'ಗ್ರಾಹಕನ ಸ್ವಾತಂತ್ರ್ಯ'ವೆಂದು ಕೊಂಡಾಡುತ್ತಾರೆ. ಅವರ ಹಾಡಿಗೆ ತಾಳ ಹಾಕುವವರು ನಮ್ಮಲ್ಲಿಯೂ ಇದ್ದಾರೆ. ಒಂದೇ ತಂತಿಯ ಮೇಲೆ ಹಲವು ಕಂಪನಿಗಳು ಕರೆಂಟು ಮಾರುವುದಕ್ಕೆ ದಾರಿ ಮಾಡಿಕೊಡುವ ತಿದ್ದುಪಡಿ ಮಸೂದೆಯು 2022ರ ಆಗಸ್ಟಿನಲ್ಲಿ ಲೋಕಸಭೆಯ ಮುಂದೆ ಬಂದಿತು. 2024ರಲ್ಲಿ ಆ ಲೋಕಸಭೆಯೊಡನೆ ಮಸೂದೆಯೂ ಬಿದ್ದುಹೋಯಿತು. ಆದರೆ 2025ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಹೊಸ ಕರಡಿನಲ್ಲಿಯೂ ಅದೇ ಬೀಜವಿದೆ. ಆದ್ದರಿಂದ ಈ ಸ್ವಾತಂತ್ರ್ಯವು ಅದರ ತವರುಮನೆಯಲ್ಲಿ ಜನರಿಗೆ ಏನನ್ನು ಕೊಟ್ಟಿತೆಂದು ನಾವು ವಿಚಾರಿಸಬೇಕು. ಓದಿಗೋ ನೌಕರಿಗೋ ಆ ದೇಶಕ್ಕೆ ಹೋಗಿರುವ ನಮ್ಮ ಮಕ್ಕಳಿಗೂ ಈ ವಿಚಾರಣೆ ಉಪಯೋಗಕ್ಕೆ ಬಂದೀತು.

ಬ್ರಿಟನ್ನಿನ ವಿದ್ಯುತ್ತು 1948ರ ಏಪ್ರಿಲ್ 1ರಂದು ರಾಷ್ಟ್ರದ ಸೊತ್ತಾಯಿತು. ಅದನ್ನು ಮಾಡಿದ್ದು ಆಟ್ಲಿಯವರ ಲೇಬರ್ ಸರ್ಕಾರ. ನಾಲ್ಕು ದಶಕಗಳ ಮೇಲೆ ಥ್ಯಾಚರ್ ಸರ್ಕಾರ 1989ರ ಕಾನೂನಿನಿಂದ ಅದನ್ನು ಒಡೆಯಿತು. 1990ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ 12 ಪ್ರಾದೇಶಿಕ ಕಂಪನಿಗಳ ಷೇರುಗಳು ಮಾರಾಟವಾದವು. 1999ರ ವೇಳೆಗೆ ಪ್ರತಿಯೊಂದು ಮನೆಗೂ 'ಆಯ್ಕೆ' ಬಂದಿತು.

ಏನನ್ನು ಆರಿಸುವುದು? ಕಂಪನಿ ಬದಲಾಯಿಸಿದರೆ ಬೀದಿಯ ತಂತಿ ಬದಲಾಗುವುದಿಲ್ಲ. ತಂತಿಯಲ್ಲಿ ಹರಿಯುವ ಕರೆಂಟೂ ಬದಲಾಗುವುದಿಲ್ಲ. ಬದಲಾಗುವುದು ಬಿಲ್ಲಿನ ಮೇಲಿನ ಹೆಸರು ಮತ್ತು ದರದ ಪಟ್ಟಿ. ಅಳಿಯ ಅಲ್ಲ, ಮಗಳ ಗಂಡ! ಬೀದಿಯ ತಂತಿಯ ಒಡೆಯ ಬೇರೊಂದು ಖಾಸಗಿ ಕಂಪನಿ. ಆಯಾ ಪ್ರಾಂತಕ್ಕೆ ಅದೊಂದೇ; ಅದನ್ನು ಆರಿಸುವ ಅಧಿಕಾರ ಯಾರಿಗೂ ಇಲ್ಲ. ಯಾವ ಮಾರಾಟಗಾರನ ಬಳಿ ಹೋದರೂ ಅದರ ಬಾಡಿಗೆ ಬಿಲ್ಲಿನಲ್ಲಿ ಸೇರಿಯೇ ಇರುತ್ತದೆ. ಸಗಟು ಬೆಲೆಯನ್ನಾದರೋ ಹೆಚ್ಚಿನ ಹೊತ್ತು ಅನಿಲದಿಂದ ನಡೆಯುವ ಸ್ಥಾವರಗಳು ಗೊತ್ತುಮಾಡುತ್ತವೆ. ನಡುವೆ ನಿಂತ ದಲ್ಲಾಳಿ ಮಂಡಿಯಲ್ಲಿ ಕೊಂಡು ಮನೆಗೆ ಮಾರುತ್ತಾನೆ. ಅವನು ಪೈಪೋಟಿ ಮಾಡಬಹುದಾದದ್ದು ಬಿಲ್ಲಿನ ಒಂದು ಚೂರಿನಲ್ಲಿ ಮಾತ್ರ.

ಈ ದಲ್ಲಾಳಿಗಳ ಪೌರುಷ 2021ರಲ್ಲಿ ಬಯಲಾಯಿತು. ಅನಿಲದ ಸಗಟು ಬೆಲೆ ಏರಿದೊಡನೆ, ಆ ವರ್ಷದ ಜುಲೈನಿಂದ ಒಂದು ವರ್ಷ ತುಂಬುವುದರೊಳಗಾಗಿ 29 ಕಂಪನಿಗಳು ಮುಳುಗಿದವು. ನಮ್ಮ ಪೇಟೆಯ ಕಿರಾಣಿ ವ್ಯಾಪಾರಿ ದಿವಾಳಿಯಾದರೆ ಅವನ ಹೆಂಡತಿಯ ಒಡವೆ ಹೋಗುತ್ತದೆ, ಮನೆ ಹೋಗುತ್ತದೆ. ಅವನ ಸಾಲವನ್ನು ಬೀದಿಯವರು ತೀರಿಸುವುದಿಲ್ಲ. ಅಲ್ಲಿ ನಡೆದದ್ದೇನು? ಮುಳುಗಿದವರಿಂದ ಬಂದ ಹೊರೆ ಸುಮಾರು 270 ಕೋಟಿ ಪೌಂಡು, ಅಂದರೆ ಮನೆಯೊಂದಕ್ಕೆ ಸುಮಾರು 94 ಪೌಂಡು ಬಳಕೆದಾರರ ಬಿಲ್ಲಿಗೇ ಬೀಳುತ್ತದೆಂದು ಆ ದೇಶದ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2022ರಲ್ಲಿ ಹೇಳಿತು. ಲಾಭ ಖಾಸಗಿ, ನಷ್ಟ ಸಾರ್ವಜನಿಕ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ!

ಪೈಪೋಟಿಯಿಂದ ಬೆಲೆ ತಾನಾಗಿ ಇಳಿಯುವುದೆಂಬ ಮಾತು ನಿಜವಾಗಿದ್ದರೆ ದರಕ್ಕೆ ಸರ್ಕಾರದ ಮಿತಿ ಏಕೆ ಬೇಕಾಯಿತೆಂದು ನಾವು ಕೇಳುತ್ತೇವೆ. 2019ರ ಜನವರಿಯಿಂದ ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ ದರಕ್ಕೆ ಮಿತಿ ಹಾಕಬೇಕಾಗಿ ಬಂದಿತು. ಸಾಧಾರಣ ಮನೆಯ ಅನಿಲ ಮತ್ತು ವಿದ್ಯುತ್ತಿನ ವಾರ್ಷಿಕ ಲೆಕ್ಕ ಆಗ 1,137 ಪೌಂಡು. 2022ರ ಅಕ್ಟೋಬರಿಗೆ ಅದು 3,549 ಪೌಂಡಿಗೆ ಹಾರಿತು. ಕೊನೆಗೆ ಸರ್ಕಾರವೇ ಬೊಕ್ಕಸದಿಂದ ಹಣ ಸುರಿದು 2,500ಕ್ಕೆ ತಡೆಯಿತು. ಮಾರುಕಟ್ಟೆಯ ಕೈ ನಡುಗಿದಾಗ ಹಿಡಿದದ್ದು ಜನರ ತೆರಿಗೆಯ ಹಣ.

ಬಡವನ ಪಾಡು ಇನ್ನೂ ಹೀನ. ಬಿಲ್ಲು ಬಾಕಿ ಉಳಿದ ಮನೆಗಳಿಗೆ ಕೋರ್ಟಿನ ವಾರಂಟು ಹಿಡಿದು ನುಗ್ಗಿ, ಮೊದಲೇ ಕಾಸು ಹಾಕಿದರೆ ಮಾತ್ರ ದೀಪ ಉರಿಯುವ ಮೀಟರನ್ನು ಬಲವಂತವಾಗಿ ಕೂರಿಸಲಾಗುತ್ತಿತ್ತು. ಪತ್ರಿಕೆಯೊಂದು ಇದನ್ನು ಬಯಲು ಮಾಡಿದ ಮೇಲೆ 2023ರ ಫೆಬ್ರವರಿಯಲ್ಲಿ ಆ ದಬ್ಬಾಳಿಕೆಗೆ ತಡೆ ಬಿದ್ದಿತು. ಮುಂಗಡ ಕೊಟ್ಟು ಉರಿಸುವ ಬಡವನಿಂದ, ಬ್ಯಾಂಕಿನ ಖಾತೆಯಿಂದ ನೇರವಾಗಿ ಕಟ್ಟುವವರಿಗಿಂತ ಹೆಚ್ಚು ದರ ವಸೂಲು ಮಾಡುವ ಪದ್ಧತಿ ಆ ವರ್ಷದ ಜುಲೈವರೆಗೂ ನಡೆಯಿತು. ಇದೇನು ಸ್ವಾತಂತ್ರ್ಯ?

ಹಾಗೆಂದು ಅಲ್ಲಿರುವ ನಮ್ಮ ಮಕ್ಕಳು ಕೈಕಟ್ಟಿ ಕೂರಬೇಕೆಂದು ನಾವು ಹೇಳುವುದಿಲ್ಲ. ಮನೆ ಹೊಕ್ಕ ದಿನವೇ ಮೀಟರಿನ ಅಂಕಿಯ ಫೋಟೋ ತೆಗೆದಿಡಬೇಕು. ಇಲ್ಲವಾದರೆ ಹಿಂದಿನವನ ಕರೆಂಟಿಗೆ ಇವರು ತೆರಬೇಕಾದೀತು. ಹಿಂದೆ ಇದ್ದ ಕಂಪನಿಯ ದರವೇ ತಾನಾಗಿ ಅಂಟಿಕೊಳ್ಳುತ್ತದೆ. ಅದನ್ನು ದಂಡವಿಲ್ಲದೆ ಬಿಡಬಹುದು. ಬಿಲ್ಲನ್ನು ತಾನೇ ಕಟ್ಟುವ ಬಾಡಿಗೆದಾರನಿಗೂ ಕಂಪನಿ ಬದಲಾಯಿಸುವ ಹಕ್ಕಿದೆ. ಮನೆಯೊಡೆಯನೇ ಕರೆಂಟಿನ ಹಣ ವಸೂಲು ಮಾಡುವುದಾದರೆ ತಾನು ಕೊಟ್ಟ ದರಕ್ಕಿಂತ ಹೆಚ್ಚು ಕೇಳುವಂತಿಲ್ಲ. ಯೂನಿಟ್ಟಿನ ದರವೊಂದನ್ನೇ ನೋಡಿ ಮರುಳಾಗಬಾರದು. ದಿನದ ನಿಗದಿ ಶುಲ್ಕವನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಒಂದು ಯೂನಿಟ್ಟೂ ಸುಡದ ದಿನಕ್ಕೂ ಆ ಶುಲ್ಕ ಉಂಟು. ಕಡಮೆ ಬಳಸುವವನಿಗೆ ಅದೇ ಭಾರ. ದರದ ಮಿತಿ ಎಂದರೆ ಬಿಲ್ಲಿನ ಮೊತ್ತಕ್ಕೆ ಮಿತಿಯಲ್ಲ, ದರಕ್ಕೆ ಮಾತ್ರ ಎಂಬುದನ್ನು ಮರೆಯಬಾರದು. ರಾತ್ರಿಯ ಏಳು ಗಂಟೆ ಅಗ್ಗವಾಗಿ ಕೊಡುವ ಕರಾರಿನಲ್ಲಿ ಹಗಲಿನ ದರ ಹೆಚ್ಚಿರುತ್ತದೆ. ರಾತ್ರಿ ಹೆಚ್ಚು ಬಳಸುವವರಿಗಷ್ಟೇ ಅದು ಲಾಭ. ದೂರು ಕೊಟ್ಟು ಎಂಟು ವಾರವಾದರೂ ಇತ್ಯರ್ಥವಾಗದಿದ್ದರೆ ಇಂಧನ ಓಂಬುಡ್ಸ್‌ಮನ್ ಬಳಿ ಹೋಗಬಹುದು, ಅಲ್ಲಿ ಶುಲ್ಕವಿಲ್ಲ.

ಇದನ್ನೆಲ್ಲ ಮಾಡಿದವನಿಗೆ ನಾಲ್ಕು ಕಾಸು ಉಳಿಯುವುದು ನಿಜ. ಆದರೆ ಭಾಷೆ ಬಾರದವನು, ಕಾಯಿಲೆಯವನು, ಎರಡು ಪಾಳಿ ದುಡಿದು ಬಂದು ಮಲಗುವವನು ದರದ ಪಟ್ಟಿಗಳನ್ನು ಎದುರಿಗೆ ಹರಡಿಕೊಂಡು ಕೂರಬಲ್ಲನೆ? ಬಿಡುವುಳ್ಳವನ ಜಾಣತನಕ್ಕೆ ಕೊಡುವ ಬಹುಮಾನವನ್ನು ಬಿಡುವಿಲ್ಲದವನ ಜೇಬಿನಿಂದಲೇ ತೆಗೆಯಲಾಗುತ್ತದೆ. ಒಬ್ಬೊಬ್ಬರೇ ಅಂಗಡಿ ಬದಲಾಯಿಸುವುದರಿಂದ ಮಂಡಿಯ ಬೆಲೆ ಇಳಿಯುವುದಿಲ್ಲ.

ಸರ್ಕಾರಕ್ಕೆ ವ್ಯಾಪಾರ ಬಾರದೆನ್ನುವವರು ಇನ್ನೊಂದನ್ನು ಗಮನಿಸಬೇಕು. ಬ್ರಿಟನ್ನಿನ ಮನೆಗಳಿಗೆ ಕರೆಂಟು ಮಾರುವ ದೊಡ್ಡ ಕಂಪನಿಗಳಲ್ಲಿ ಒಂದಾದ ಇಡಿಎಫ್‌ನ ಒಡೆಯ ಫ್ರಾನ್ಸಿನ ಸರ್ಕಾರ! 2023ರಲ್ಲಿ ಅದು ಪೂರ್ತಿಯಾಗಿ ಆ ಸರ್ಕಾರದ ಕೈಸೇರಿತು. ಬ್ರಿಟನ್ನೇ ತನ್ನ ವಿದ್ಯುತ್ ಜಾಲವನ್ನು ನಡೆಸುವ ಆಡಳಿತವನ್ನು 2024ರ ಅಕ್ಟೋಬರಿನಲ್ಲಿ ಸಾರ್ವಜನಿಕ ಒಡೆತನಕ್ಕೆ ಮರಳಿ ತಂದಿತು. ಮಾರಿದವರೇ ಮರಳಿ ಕೊಳ್ಳುತ್ತಿರುವ ಹೊತ್ತಿನಲ್ಲಿ ನಾವು ಮಾರಹೊರಡುವುದು ಯಾವ ವಿವೇಕ?

ನಮ್ಮ ನಾಡಿನ ಕರೆಂಟು ದಲ್ಲಾಳಿಗಳ ಕೊಡುಗೆಯಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ತಂತಿ ಎಳೆದದ್ದು ಮೈಸೂರು ಸರ್ಕಾರ. ಮೊದಲ ಬೆಳಕು ಬಿಳಿಯರ ಕಂಪನಿಯ ಗಣಿಗೆ ಹೋಯಿತೆಂಬುದು ನಿಜ. ಆದರೂ ಸ್ಥಾವರ ನಾಡಿನದಾಗಿತ್ತು. ಇಂದಿನ ಬೆಸ್ಕಾಂ ಮೊದಲಾದ ಸರ್ಕಾರಿ ಕಂಪನಿಗಳಲ್ಲಿ ಲೋಪಗಳಿಲ್ಲವೆಂದು ನಾವು ಹೇಳುವುದಿಲ್ಲ. ಬೇಸಿಗೆಯ ಕತ್ತಲೆ ನಮಗೂ ಗೊತ್ತು. ಆದರೆ ಅವಕ್ಕೆ ವಿಧಾನಸಭೆಯಲ್ಲಿ ಉತ್ತರ ಕೇಳಬಹುದು. ದರ ಏರಿಸುವಾಗ ವಿದ್ಯುತ್ ನಿಯಂತ್ರಣ ಆಯೋಗದ ಬಹಿರಂಗ ವಿಚಾರಣೆಯಲ್ಲಿ ಎದ್ದು ನಿಂತು ಆಕ್ಷೇಪಿಸಬಹುದು. ಖಾಸಗಿ ಮಾರಾಟಗಾರ ಬಂದರೆ ಹಣವುಳ್ಳ ದೊಡ್ಡ ಗಿರಾಕಿಗಳನ್ನು ಆರಿಸಿಕೊಳ್ಳುತ್ತಾನೆ. ರೈತನ ಪಂಪುಸೆಟ್ಟು, ಗುಡಿಸಲಿನ ದೀಪ ಸರ್ಕಾರದ ಪಾಲಿಗೆ ಉಳಿಯುತ್ತವೆ. ಆ ನಷ್ಟವನ್ನು ತುಂಬುವವರು ಮಿಲ್ಲಿನ ಕಾರ್ಮಿಕ ಮತ್ತು ಸಣ್ಣ ಅಂಗಡಿಕಾರ.

ಬಂಧುಗಳೇ, ಆಯ್ಕೆಯ ಮಾತಾಡುತ್ತ ಬರುವವರನ್ನು ಒಂದೇ ಪ್ರಶ್ನೆ ಕೇಳಿ: ತಂತಿ ಯಾರದು, ದರ ಕಟ್ಟುವವರು ಯಾರು, ಕಂಪನಿ ಮುಳುಗಿದರೆ ತೆರುವವರು ಯಾರು? ಬ್ರಿಟನ್ನಿನ ಗೃಹಸ್ಥನಿಗೆ ಇದಕ್ಕೆ ಉತ್ತರ ದೊರೆಯುವಷ್ಟರಲ್ಲಿ ಮೂವತ್ತು ವರ್ಷ ಕಳೆದಿತ್ತು. ನಾವು ಅಷ್ಟು ಕಾಯಬೇಕಾಗಿಲ್ಲ. ಮುಂದಿನ ದರ ವಿಚಾರಣೆಗೆ ನಿಮ್ಮ ಬಿಲ್ಲನ್ನು ಕೈಯಲ್ಲಿ ಹಿಡಿದು, ಸಂಘದ ಗೆಳೆಯರನ್ನೂ ಕರೆದುಕೊಂಡು ಬನ್ನಿ.