ತೆಂಗಿನಕಾಯಿ ಎದ್ದು ನಿಂತರೆ ಸಾಲ ತೀರುತ್ತಾ?

ಬೇಸಿಗೆ ಬಂತೆಂದರೆ ಇಟ್ಟಿಗಿ ಸುತ್ತಮುತ್ತ ರಾತ್ರಿಯೆಲ್ಲ ಬೋರ್ ಲಾರಿಯ ಸದ್ದು. ಬೆಳಿಗ್ಗೆ ಹೋಗಿ ನೋಡಿದರೆ ಹೊಲದ ತುಂಬ ಬೂದಿಯಂಥ ಕಲ್ಲುಪುಡಿ, ಮನೆಯವರು ಮಾತಿಲ್ಲದೆ ಬದುವಿನ ಮೇಲೆ ಕೂತಿರುತ್ತಾರೆ. 'ಎಷ್ಟು ಫೀಟು?' ಅಂದರೆ 'ಆರುನೂರು' ಅಂತಾರೆ. 'ನೀರು?' ಅಂದರೆ ಉತ್ತರ ಇಲ್ಲ.

ಪಾಯಿಂಟ್ ತೋರಿಸಿದವರು ಯಾರು ಅಂತ ಕೇಳಿ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿದವರು. ಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟು, ದಕ್ಷಿಣೆ ಪಡೆದು ಹೋದವರು. ನೀರು ಬಿದ್ದರೆ ಅವರ ಕೈಗುಣ, ಬೀಳದಿದ್ದರೆ ರೈತನ ಹಣೆಬರಹ. ಯಾವತ್ತೂ ನಷ್ಟವಾಗದ ಇಂಥ ವ್ಯಾಪಾರ ಇನ್ನೆಲ್ಲಿದೆ?

ನಂಬಿಕೆ ಮೇಲೆ ನನಗೆ ಸಿಟ್ಟಿಲ್ಲ. ಮೈಲಾರದ ಕಾರಣಿಕ ಕೇಳಿ ಮಳೆ-ಬೆಳೆ ಮಾತಾಡಿಕೊಳ್ಳುವ ಸೀಮೆ ನಮ್ಮದು. ಆದರೆ ಕಾರಣಿಕ ಕೇಳಿದ್ದಕ್ಕೆ ಯಾರೂ ಫೀಟಿಗಿಷ್ಟು ಅಂತ ಬಿಲ್ ಕಟ್ಟುವುದಿಲ್ಲ, ಹೆಂಡತಿಯ ತಾಳಿ ಅಡ ಇಡುವುದಿಲ್ಲ. ಬೋರಿಗೆ ಇಡುತ್ತಾರೆ.

ನೆಲದ ಒಳಗನ್ನು ನೋಡುವ ವಿದ್ಯೆ ಇಲ್ಲವೇ? ಇದೆ. ಹಾಳುಬಾವಿಯಲ್ಲಿ ಬಗ್ಗಿ ಕೂಗಿದರೆ ದನಿ ತಿರುಗಿ ಬರುತ್ತದಲ್ಲ, ಅದೇ ವಿದ್ಯೆ. ನೆಲದ ಮೇಲೆ ಕಬ್ಬಿಣದ ತಟ್ಟೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಾರೆ, ಆಳ ಬೇಕಾದರೆ ಸಿಡಿಮದ್ದು ಸಿಡಿಸುತ್ತಾರೆ. ಕಂಪನ ಕೆಳಗಿಳಿದು, ಬಂಡೆಯ ಗುಣ ಬದಲಾದ ಕಡೆ ತಾಗಿ ಮೇಲೆ ಬರುತ್ತದೆ. ಸಾಲಾಗಿ ನೆಟ್ಟ ಜಿಯೋಫೋನ್‌ಗಳು ಅದನ್ನು ಹಿಡಿಯುತ್ತವೆ. ಗಟ್ಟಿ ಬಂಡೆಯಲ್ಲಿ ಕಂಪನ ಸೆಕೆಂಡಿಗೆ ಸುಮಾರು 5,000 ಮೀಟರ್ ಓಡುತ್ತದೆ. ಪ್ರತಿಧ್ವನಿ 0.06 ಸೆಕೆಂಡಿಗೆ ಬಂತೆಂದರೆ ಹೋಗಿಬರುವ ದೂರ 300 ಮೀಟರ್, ಅಂದರೆ ಆಳ 150 ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು 500 ಫೀಟು. 1921ರಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಮೊದಲು ಪರೀಕ್ಷಿಸಿದ ಈ ವಿದ್ಯೆಯಿಂದಲೇ ಜಗತ್ತು ಎಣ್ಣೆ ಹುಡುಕಿತು.

ನಮ್ಮ ನೆಲದಲ್ಲೂ ಇದು ನಡೆದಿದೆ. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಆಂಧ್ರದ ಕಾವಲಿಯಿಂದ ಉಡುಪಿವರೆಗೆ, ಸುಮಾರು 600 ಕಿ.ಮೀ. ಉದ್ದಕ್ಕೆ ಸಿಡಿಮದ್ದು ಸಿಡಿಸಿ ಭೂಮಿಯ ಸದ್ದು ಕೇಳಿತು. ಇಂಥ ಆಳದ ಸಮೀಕ್ಷೆ ದೇಶದಲ್ಲೇ ಅದು ಮೊದಲು. ಭೂಮಿಯ ಮೇಲ್ಪದರ ಅಲ್ಲಿ ಸುಮಾರು 34ರಿಂದ 41 ಕಿ.ಮೀ. ದಪ್ಪ ಅಂತ ಗೊತ್ತಾಯಿತು. 40 ಕಿ.ಮೀ. ಆಳದ ಸುದ್ದಿ ಸರ್ಕಾರದ ಹತ್ತಿರ ಐವತ್ತು ವರ್ಷದಿಂದ ಇದೆ. ರೈತನಿಗೆ ಬೇಕಾದ 500 ಫೀಟಿನ ಸುದ್ದಿಗೆ ಮಾತ್ರ ತೆಂಗಿನಕಾಯಿ!

ಹಾಗಂತ ಯಂತ್ರ ಹಿಡಿದು ಬಂದವರನ್ನೆಲ್ಲ ನಂಬಬೇಡಿ. ಎಣ್ಣೆ ಇರುವ ಕಡೆ ಕಲ್ಲು ರೊಟ್ಟಿ ಪೇರಿಸಿದಂತೆ ಪದರ ಪದರವಾಗಿರುತ್ತದೆ, ಪ್ರತಿಧ್ವನಿ ಚೊಕ್ಕವಾಗಿ ಬರುತ್ತದೆ. ನಮ್ಮದು ಗಟ್ಟಿಕಲ್ಲಿನ ಸೀಮೆ. ನೀರಿರುವುದು ಮೇಲಿನ ಕೊಳೆತ ಕಲ್ಲಿನಲ್ಲಿ, ಅದರ ಕೆಳಗಿನ ಸಣ್ಣ ಬಿರುಕುಗಳಲ್ಲಿ. ಕಡಿದಾಗಿ ಇಳಿದ ಬಿರುಕು ಪ್ರತಿಧ್ವನಿಗೆ ಸುಲಭವಾಗಿ ಸಿಗುವುದಿಲ್ಲ. ಸುತ್ತಿಗೆ ಏಟಿನಿಂದ ಕೊಳೆತ ಕಲ್ಲು ಎಷ್ಟು ದಪ್ಪ ಅಂತ ತಿಳಿಯಬಹುದು. ನೆಲಕ್ಕೆ ಕರೆಂಟ್ ಹಾಯಿಸಿ ನೋಡುವ ರೆಸಿಸ್ಟಿವಿಟಿ ಪರೀಕ್ಷೆ ತೇವದ ಸುಳಿವು ಕೊಡುತ್ತದೆ, ಆದರೆ ಜೇಡಿಮಣ್ಣೂ ಅದೇ ಸುಳಿವು ಕೊಡುತ್ತದೆ. ಎರಡನ್ನೂ ಕೂಡಿಸಿ, ಅಕ್ಕಪಕ್ಕದ ಬೋರುಗಳ ಲೆಕ್ಕ ಸೇರಿಸಿ ಓದಬೇಕು. ಮೊಬೈಲಿನಷ್ಟು ಡಬ್ಬಿ ಹಿಡಿದು 'ಇಲ್ಲಿ ಮೂರಿಂಚು ನೀರು ಗ್ಯಾರಂಟಿ' ಅಂದವನು ತೆಂಗಿನಕಾಯಿಯವನ ತಮ್ಮ. ಎಷ್ಟು ಇಂಚು ಅಂತ ಕೊರೆಯುವ ಮೊದಲೇ ಹೇಳುವ ಯಂತ್ರ ಇಲ್ಲ.

'ನಮ್ಮ ಮಾವನ ಬೋರಿಗೆ ಕಾಯಿಂದಲೇ ನೀರು ಬಿತ್ತಲ್ಲ' ಅನ್ನುತ್ತೀರಿ. ಸರಿ. ಅದೇ ಕೈ ತೋರಿಸಿದ ಬೇರೆ ಬೋರುಗಳು ಎಷ್ಟು, ಬತ್ತಿದ್ದೆಷ್ಟು? ನೀರು ಬಿದ್ದ ಬೋರಿನ ಕಥೆ ಹತ್ತೂರಿಗೆ ಹೋಗುತ್ತದೆ. ಬತ್ತಿದ ಬೋರಿನ ಕಥೆ ಬ್ಯಾಂಕಿನ ಪುಸ್ತಕದಲ್ಲಿ ಉಳಿಯುತ್ತದೆ.

ಆದ್ದರಿಂದ ಜಗಳ ಕಾಯಿಗೂ ಯಂತ್ರಕ್ಕೂ ಅಲ್ಲ, ಲೆಕ್ಕ ಕೊಡುವವರಿಗೂ ಕೊಡದವರಿಗೂ. ಪಾಯಿಂಟ್ ತೋರಿಸಿದವರು ಯಾರೇ ಇರಲಿ, ಯಾವ ಆಳದಲ್ಲಿ ಏನಿದೆ ಅಂತ ಕಾಗದದ ಮೇಲೆ ಬರೆದು ಸಹಿ ಹಾಕಲಿ. ಗಂಗಾ ಕಲ್ಯಾಣದ ಫಲಾನುಭವಿಗಳು ಭೂವಿಜ್ಞಾನಿಯ ವರದಿಯ ಪ್ರತಿ ಕೇಳಲಿ, ಅದು ನಿಮ್ಮ ಹಕ್ಕು. ಪ್ರತಿ ಪಂಚಾಯಿತಿ ತನ್ನ ಊರಿನ ಬೋರುಗಳ ಪಟ್ಟಿಯನ್ನು ಗೋಡೆಗೆ ಹಚ್ಚಲಿ: ಎಲ್ಲಿ, ಎಷ್ಟು ಫೀಟು, ಕಲ್ಲು ಎಲ್ಲಿ ಸಿಕ್ಕಿತು, ನೀರು ಬಿತ್ತೋ ಇಲ್ಲವೋ. ಬತ್ತಿದ ಬೋರೂ ಒಂದು ಸುದ್ದಿಯೇ. ಆ ಸುದ್ದಿಗೆ ರೈತ ಆಗಲೇ ಲಕ್ಷಗಟ್ಟಲೆ ಕೊಟ್ಟಿದ್ದಾನೆ.

ಸರ್ಕಾರಕ್ಕೂ ಒಂದು ಪ್ರಶ್ನೆ. ತುಮಕೂರು ಜಿಲ್ಲೆಯ ಅಂಕಸಂದ್ರದಲ್ಲಿ ಹೆಲಿಕಾಪ್ಟರ್ ಹಾರಿಸಿ ಅಂತರ್ಜಲದ ನಕ್ಷೆ ಮಾಡಿದ್ದೀರಿ. ಅದೂ ಗಟ್ಟಿಕಲ್ಲಿನ ಸೀಮೆಯೇ. ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗೆ ಹೆಲಿಕಾಪ್ಟರ್ ಬೇಡ. ಹೋಬಳಿಗೊಂದು ತಂಡ, ಒಂದು ಸುತ್ತಿಗೆ, ಒಂದು ಸಾಲು ಜಿಯೋಫೋನ್, ಒಂದು ರೆಸಿಸ್ಟಿವಿಟಿ ಮೀಟರ್ ಕೊಡಿ. ಬಂದ ನಕ್ಷೆಯನ್ನು ಕನ್ನಡದಲ್ಲಿ ಕೊಡಿ.

ನಕ್ಷೆ ನೀರು ಹುಟ್ಟಿಸುವುದಿಲ್ಲ, ನಿಜ. ಕೆರೆ ತುಂಬದೆ, ಮಳೆನೀರು ಇಂಗದೆ ಯಾವ ಬೋರೂ ಉಳಿಯುವುದಿಲ್ಲ. ಆದರೆ 'ಇಲ್ಲಿ ಕೊರೆಯಬೇಡ' ಅಂತ ಹೇಳುವ ಒಂದು ಕಾಗದ ಒಂದು ಮನೆಯನ್ನು ಉಳಿಸುತ್ತದೆ. ತೆಂಗಿನಕಾಯಿ ಅದನ್ನು ಯಾವತ್ತಾದರೂ ಹೇಳಿದೆಯೇ?